ಡಿಸ್ಕ್ ತಿರುಗಿಸಿದೆ, ಬೂಟು ಮಧ್ಯಕ್ಕೆ ಬಂತು

ಕಡೆಗೂ ಬೂಟು ಸ್ನೋಬೋರ್ಡಿನ ಮಧ್ಯಕ್ಕೆ ಬಂದು ಕೂತಿದೆ! ಬೆರಳಿನ ಕಡೆ 1.8 ಸೆಂಟಿಮೀಟರ್ ಆಚೆ ಚಾಚಿದೆ, ಹಿಮ್ಮಡಿ ಕಡೆ 1.6. ಎರಡು ಮಿಲಿಮೀಟರ್ ವ್ಯತ್ಯಾಸ ಇಟ್ಟುಕೊಂಡು ನಾನು ನೆಮ್ಮದಿಯಾಗಿ ಗುಲ್ಮರ್ಗಿಗೆ ಹೋಗಬಲ್ಲೆ.

ಬೋರ್ಡ್ ಆಯ್ಕೆಯ ಕಥೆ ಬೇಗ ಮುಗಿಸುತ್ತೇನೆ, ಅದರಲ್ಲಿ ತಲೆನೋವು ಕಡಿಮೆ. 156 ಸೆಂಟಿಮೀಟರಿನ ಡೈರೆಕ್ಷನಲ್ ಟ್ವಿನ್, ಅಂದರೆ ಎರಡೂ ತುದಿ ಹೆಚ್ಚುಕಮ್ಮಿ ಒಂದೇ ತರಹ, ಆದರೆ ಮುಂದಕ್ಕೆ ಓಡಿಸಲು ಹೊಂದಿಸಿದ್ದು. ಕಾಲುಗಳ ನಡುವೆ ಕ್ಯಾಂಬರ್ (ಮೇಲಕ್ಕೆ ಕಮಾನು), ಮೂತಿ ಮತ್ತು ಬಾಲದಲ್ಲಿ ರಾಕರ್ (ತುದಿ ಮೇಲಕ್ಕೆ ಬಾಗಿದ್ದು). ಫ್ಲೆಕ್ಸ್, ಅಂದರೆ ಗಡಸು, ಹತ್ತಕ್ಕೆ ಐದು. ಎರಡೂ ಅಂಚಿನಲ್ಲಿ ತಿರುವು ಬರುತ್ತದೆ, ವೇಗ ಹೆಚ್ಚಾದರೆ ಮಾತ್ರ ಸ್ವಲ್ಪ ಅಂಜಿಕೆ ಅನ್ನುವ ನನ್ನಂಥವರಿಗೆ ಇದಕ್ಕಿಂತ ಗಟ್ಟಿ ಬೋರ್ಡ್ ಬೇಡ. ಇದಕ್ಕಿಂತ ಮೆತ್ತಗಿನದು ಗಟ್ಟಿ ಹಿಮದಲ್ಲಿ ನಡುಗುತ್ತದೆ. ಬೂಟನ್ನು ಬೋರ್ಡಿಗೆ ಹಿಡಿದಿಡುವ ಬೈಂಡಿಂಗೂ ಅದೇ ಫ್ಲೆಕ್ಸಿನ ಆಸುಪಾಸಿನದು. ಬೋರ್ಡ್ ಗಲ್ಲದ ತನಕ ಬಂದರೆ ಸಾಕು ಅನ್ನುವ ಹಳೇ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬೋರ್ಡಿಗೆ ನಮ್ಮ ಎತ್ತರ ಗೊತ್ತಾಗುವುದಿಲ್ಲ, ತೂಕ ಮತ್ತು ಪಾದದ ಉದ್ದ ಮಾತ್ರ ಗೊತ್ತಾಗುತ್ತದೆ.

ಪಾದದ ಉದ್ದ ಅಂದೆನಲ್ಲ, ತಲೆನೋವು ಶುರುವಾದದ್ದು ಅಲ್ಲಿಂದಲೇ. ನನ್ನ ಬೂಟು ಮೊಂಡೋ 28 (ಪಾದದ ಉದ್ದ ಸೆಂಟಿಮೀಟರಿನಲ್ಲಿ), ಅಂದರೆ ಯುಎಸ್ 10. ಮಾಮೂಲಿ ಬೋರ್ಡಿಗೂ ವೈಡ್ ಬೋರ್ಡಿಗೂ ನಡುವಿನ ಗಡಿಯಲ್ಲಿರುವ ಸೈಜು. ಮೈಸೂರಿನಲ್ಲಿ ಕೂತು ಸ್ನೋಬೋರ್ಡ್ ಕೊಳ್ಳುವವರಿಗೆ ಅಂಗಡಿಗೆ ಹೋಗಿ ಹತ್ತಿ ನೋಡುವ ಭಾಗ್ಯ ಇಲ್ಲ, ಅಂಕಿಗಳನ್ನೇ ನಂಬಬೇಕು. ಆದರೆ ಮಾರುವವರು ಬೋರ್ಡಿನ ಮೇಲಿನ ಚಿತ್ರದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ವೇಸ್ಟ್ ವಿಡ್ತ್ (ಬೋರ್ಡಿನ ನಡುವಿನ ಅತಿ ಕಿರಿದಾದ ಕಡೆಯ ಅಗಲ) ಬಗ್ಗೆ ಒಂದಕ್ಷರ ಹಾಕುವುದಿಲ್ಲ. ದೆಹಲಿಯ ಮಾರಾಟಗಾರರೊಬ್ಬರನ್ನು ಬೆನ್ನುಹತ್ತಿ, ಟೇಪ್ ಹಿಡಿದು ಅಳೆದ ಫೋಟೋ ತರಿಸಿಕೊಳ್ಳಬೇಕಾಯಿತು: 25.7 ಸೆಂಟಿಮೀಟರ್. ಬೈಂಡಿಂಗಿನ ಸ್ಕ್ರೂ ಹಾಕುವ ಇನ್ಸರ್ಟ್ ತೂತುಗಳಿರುವ ಕಡೆ ಬೋರ್ಡ್ ಇನ್ನೂ ಸ್ವಲ್ಪ ಅಗಲ, ಸುಮಾರು 26.5. ಬೂಟಿನ ಅಟ್ಟೆ 31. ಹದಿನೈದು ಡಿಗ್ರಿ ತಿರುಗಿಸಿ ನಿಂತರೆ ಅಡ್ಡಕ್ಕೆ ಅದು ಮೂವತ್ತರ ಹತ್ತಿರ ಬರುತ್ತದೆ. ಒಟ್ಟು ಮೂರೂವರೆ ಸೆಂಟಿಮೀಟರ್ ಹೊರಗೆ. ಎರಡೂ ಕಡೆ ಸಮವಾಗಿ ಹಂಚಿದರೆ ಏನೂ ತೊಂದರೆ ಇಲ್ಲ, ಅಲ್ವಾ?

ಹಂಚಿಕೆಯಾಗಲೇ ಇಲ್ಲ. ಬೈಂಡಿಂಗ್ ಕೂರಿಸಿ, ಬೂಟು ಹಾಕಿ, ಎರಡೂ ಸ್ಟ್ರ್ಯಾಪ್ ಪೂರ್ತಿ ಬಿಗಿದು, ಬೋರ್ಡನ್ನು ಎರಡು ಸ್ಟೂಲುಗಳ ಮೇಲೆ ಬೋರಲು ಹಾಕಿ ಅಳೆದೆ. ಬೆರಳಿನ ಕಡೆ 2.7, ಹಿಮ್ಮಡಿ ಕಡೆ 0.7. (ಸ್ಟ್ರ್ಯಾಪ್ ಬಿಗಿಯದೆ ಅಳೆಯಬೇಡಿ. ಹಿಮ್ಮಡಿ ಪೂರ್ತಿ ಹಿಂದಕ್ಕೆ ಕೂರದಿದ್ದರೆ ಅಳತೆಯೇ ಸುಳ್ಳು.) ಬೆಳಗಿನ ಹೊತ್ತು ಹಿಮ ಕಲ್ಲಿನಂತಿರುವಾಗ ಟೋ ಸೈಡ್ (ಬೆರಳಿನ ಕಡೆಯ ಅಂಚಿನ) ತಿರುವಿನಲ್ಲಿ ಬೋರ್ಡ್ ಜಾಸ್ತಿ ವಾಲಿದರೆ ಬೂಟಿನ ಮೂತಿ ಮೊದಲು ನೆಲಕ್ಕೆ ತಗುಲುತ್ತದೆ, ಅಂಚು ಹಿಮ ಬಿಟ್ಟು ಮೇಲೇಳುತ್ತದೆ, ಮೈ ನೇರ ಕೆಳಕ್ಕೆ. ಗುಲ್ಮರ್ಗಿನ ಅಫರ್ವತ್ ಶಿಖರದ ಮೇಲಿನ ಪುಡಿ ಹಿಮದಲ್ಲಿ ಇದು ಅಷ್ಟು ಕಾಡುವುದಿಲ್ಲ. ಆದರೆ ನಾನು ಈ ಸಲ ಕಾರ್ವಿಂಗ್ (ಅಂಚಿನ ಮೇಲೆ ವಾಲಿ, ಪಕ್ಕಕ್ಕೆ ಜಾರದೆ ತಿರುಗುವುದು) ಕಲಿಯಲೇಬೇಕು ಅಂತ ಹೊರಟವನು.

ಸಾಮಾನ್ಯ ಪರಿಹಾರ ಬೈಂಡಿಂಗಿನಲ್ಲಿ ಹಿಮ್ಮಡಿ ಹಿಡಿಯುವ ಹೀಲ್ ಕಪ್ ಹಿಂದಕ್ಕೆ ಸರಿಸುವುದು. ನನ್ನ ಬೈಂಡಿಂಗಿನ ಹೀಲ್ ಕಪ್ ಬೇಸ್‌ಪ್ಲೇಟಿನ ಜೊತೆ ಒಂದೇ ತುಂಡು, ಅಲ್ಲಾಡುವುದಿಲ್ಲ. ಕೋನ ಹೆಚ್ಚಿಸಿ ನೋಡಿದೆ. ಮುಂದಿನ ಕಾಲಿಗೆ 21 ಡಿಗ್ರಿ ಕೊಟ್ಟರೆ ಚಾಚು ಸ್ವಲ್ಪ ಇಳಿಯಿತು, ಆದರೆ ಒಂದೇ ಕಡೆಗೆ ಜಾಸ್ತಿ ಇರುವುದು ಹಾಗೇ ಉಳಿಯಿತು, ಮೇಲಿಂದ ಮಂಡಿಗೂ ಹಿಡಿಸಲಿಲ್ಲ. ಮಾರಾಟಗಾರರನ್ನು ಕೇಳಿದರೆ 'ಸಾರ್, ವೈಡ್ ಬೋರ್ಡ್ ತಗೊಳ್ಳಿ' ಅಂದರು. ಇನ್ನೊಂದು ಬೋರ್ಡ್ ಮಾರುವ ಉತ್ಸಾಹ ಅವರಿಗೆ, ಮೊದಲನೇ ಪಾರ್ಸೆಲ್ಲಿನಲ್ಲಿ ಕಮ್ಮಿ ಬಂದ ವಾಷರುಗಳು ಇನ್ನೂ ಬಂದಿಲ್ಲ.

ಬಹಳ ಸಂಜೆಗಳು ಹೀಗೇ ಹೋದವು. ಆಮೇಲೆ ಬೈಂಡಿಂಗನ್ನು ಬೋರ್ಡಿಗೆ ಸ್ಕ್ರೂ ಹಾಕಿ ಕೂರಿಸುವ ದುಂಡು ತಟ್ಟೆ, ಅಂದರೆ ಡಿಸ್ಕನ್ನು ಕೈಯಲ್ಲಿ ಹಿಡಿದು ಸುಮ್ನೆ ನೋಡುತ್ತಾ ಕೂತಾಗ ಹೊಳೆಯಿತು. ಅದರ ತೂತುಗಳು ಗುಂಡಗಿಲ್ಲ, ಉದ್ದುದ್ದ ಸೀಳುಗಳು. ಕಂಪನಿ ಹೇಳಿದಂತೆ ಕೂರಿಸಿದರೆ ಆ ಸೀಳು ಬೋರ್ಡಿನ ಉದ್ದಕ್ಕೆ ಇರುತ್ತದೆ, ಅಂದರೆ ಕಾಲುಗಳ ನಡುವಿನ ಅಂತರವನ್ನು ಚೂರು ಚೂರೇ ಹೊಂದಿಸಬಹುದು. ಅದೇ ಡಿಸ್ಕನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದರೆ? ಸೀಳು ಅಡ್ಡಕ್ಕೆ ಬರುತ್ತದೆ, ಇಡೀ ಬೈಂಡಿಂಗ್ ಹಿಮ್ಮಡಿ ಕಡೆಗೆ ಜಾರುತ್ತದೆ! ಒಂಬತ್ತು ಮಿಲಿಮೀಟರ್ ಜಾರಿಸಿದೆ, ಅಳೆದೆ, ಮೊದಲು ಹೇಳಿದ ಅಂಕಿ ಬಂತು. ಆ ಕ್ಷಣದ ಖುಷಿಗೆ ಅಮ್ಮನನ್ನು ಕರೆದು ತೋರಿಸಿದೆ. ಅವರೂ ಸ್ಕೇಲ್ ಇಟ್ಟು ನೋಡಿ 'ಈಗ ಎರಡೂ ಕಡೆ ಹೆಚ್ಚುಕಮ್ಮಿ ಸಮ ಇದೆ ಕಣೋ' ಅಂದರು.

ಇದಕ್ಕೆ ಒಂದು ಬೆಲೆ ಇದೆ. ಅಂತರದ ಸೂಕ್ಷ್ಮ ಹೊಂದಾಣಿಕೆ ಹೋಗುತ್ತದೆ, ತೂತಿನಿಂದ ತೂತಿಗೆ ಹಾರಬೇಕು. ತೂತುಗಳ ಜೋಡಣೆ 4×4 ಇರುವ ಬೋರ್ಡಾದರೆ ಒಂದು ಹೆಜ್ಜೆ ನಾಲ್ಕು ಸೆಂಟಿಮೀಟರ್, ಅದು ತುಂಬಾ ದೊಡ್ಡದು. ನನ್ನದು 2×4 ಆದ್ದರಿಂದ ಎರಡೇ. ಕಂಪನಿ ಹೇಳಿದ ಅಂತರ 56, ನನಗೆ ಬೇಕಾದದ್ದು 54. ಮುಂದಿನ ಬೈಂಡಿಂಗನ್ನು ಒಂದು ತೂತು ಹಿಂದಕ್ಕೆ ತಂದೆ. ಅದರಿಂದ ನಿಲುವಿನ ಮಧ್ಯಬಿಂದು ಬಾಲದ ಕಡೆಗೆ ಒಂದು ಸೆಂಟಿಮೀಟರ್ ಸರಿಯಿತು, ಪುಡಿ ಹಿಮದಲ್ಲಿ ಮೂತಿ ತೇಲುವುದಕ್ಕೆ ಅದೂ ಒಳ್ಳೆಯದೇ. ಬರ್ಟನ್ ಕಂಪನಿಯ ಚಾನೆಲ್ ಬೋರ್ಡಿನವರಿಗೆ ಈ ಒದ್ದಾಟ ಬೇಡ, ಅಂತರಕ್ಕೆ ಉದ್ದನೆಯ ಹಳಿಯೇ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಎಚ್ಚರ: ಹಳೇ ಬರ್ಟನ್‌ಗಳಲ್ಲಿ ಮೂರು ತೂತಿನ 3ಡಿ ವಿನ್ಯಾಸ ಇರುತ್ತದೆ, ನಾಲ್ಕು ತೂತಿನ ಡಿಸ್ಕ್ ಅದಕ್ಕೆ ಕೂರುವುದಿಲ್ಲ.

ಇನ್ನೊಂದು ಕಿರಿಕಿರಿ: ಡಿಸ್ಕ್ ತಿರುಗಿಸಿದ ಮೇಲೆ ಅದರ ಮೇಲಿನ ಡಿಗ್ರಿ ಗೆರೆಗಳು ಉಪಯೋಗಕ್ಕೆ ಬರಲಿಲ್ಲ. ಶಾಲೆಯ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ಮುಂದೆ +15, ಹಿಂದೆ -9 (ಅಂದರೆ ಹಿಂದಿನ ಕಾಲಿನ ಬೆರಳು ಬಾಲದ ಕಡೆಗೆ) ಗುರುತು ಹಾಕಿದೆ. ಸ್ಕ್ರೂಗಳು ಎಂ6, ಅವಕ್ಕೆ ಮೂರನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರೇ ಬೇಕು. ಮನೆಯಲ್ಲಿರುವ ಎರಡನೇ ನಂಬರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಸಂತೆಪೇಟೆಯಲ್ಲಿ ಒಳ್ಳೆಯದೊಂದು ಸಿಕ್ಕಿತು, ವಾಷರುಗಳೂ ಅಲ್ಲೇ ಸಿಕ್ಕವು.

ವಾಷರ್ ಹುಡುಕುವಾಗ ಪಕ್ಕದ ಅಂಗಡಿಯ ನಾಲ್ಕಿಂಚಿನ ಪಿವಿಸಿ ಪೈಪು ಕಣ್ಣಿಗೆ ಬಿತ್ತು. ಮುಂದಿನ ಪ್ರಾಜೆಕ್ಟ್ ಅದೇ: 18 ಮಿ.ಮೀ. ಪ್ಲೈವುಡ್ ಹಲಗೆ, ಕೆಳಗೆ ಪೈಪು, ಬ್ಯಾಲೆನ್ಸ್ ಬೋರ್ಡ್. ಅಂತರ ಇದೇ 54, ಕೋನಗಳೂ ಇವೇ, ಬೈಂಡಿಂಗ್ ಮಾತ್ರ ಇಲ್ಲ. 1965ರಲ್ಲಿ ಅಮೆರಿಕದ ಶೆರ್ಮನ್ ಪಾಪೆನ್ ತಮ್ಮ ಹೆಣ್ಣುಮಕ್ಕಳಿಗೆ ಎರಡು ಸ್ಕೀ ಜೋಡಿಸಿ ಮಾಡಿಕೊಟ್ಟ, ಸ್ನೋಬೋರ್ಡಿನ ಪೂರ್ವಜನಾದ ಸ್ನರ್ಫರಿನಲ್ಲೂ ಬೈಂಡಿಂಗ್ ಇರಲಿಲ್ಲ ಕಣ್ರೀ. ಪಾದ ಕಟ್ಟದೆ ತೂಕ ಹಂಚುವುದು ಕಲಿತರೆ ಸ್ಟ್ರ್ಯಾಪ್ ಬಿಗಿದ ಮೇಲೆ ಎಷ್ಟು ಸಲೀಸು ನೋಡಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಕಾಲು ಗಟ್ಟಿಯಾಗಿದೆ, ಬ್ಯಾಲೆನ್ಸಿಗೆ ಇದು.

ಈಗ ಉಳಿದಿರುವುದು ಹೈಬ್ಯಾಕ್, ಅಂದರೆ ಬೈಂಡಿಂಗಿನ ಹಿಂದೆ ಕಾಲಿಗೆ ಆನಿಕೆ ಕೊಡುವ ಎತ್ತರದ ಭಾಗ. ಡಿಸ್ಕ್ ಜಾರಿಸಿದ ಮೇಲೆ ಹೈಬ್ಯಾಕನ್ನು ಹೀಲ್ ಅಂಚಿಗೆ ಸಮಾನಾಂತರವಾಗಿ ತಿರುಗಿಸಬೇಕು, ಫಾರ್ವರ್ಡ್ ಲೀನ್ (ಅದು ಮುಂದಕ್ಕೆ ವಾಲುವ ಕೋನ) ಎಷ್ಟು ಇಡಬೇಕೆಂದು ಹಿಮದ ಮೇಲೇ ನೋಡಬೇಕು. ಮೊಂಡೋ 28 ಬೂಟು ಹಾಕಿ ಮಾಮೂಲಿ ಅಗಲದ ಬೋರ್ಡ್ ಓಡಿಸುವವರು ಯಾರಾದರೂ ಇದ್ದರೆ ನಿಮ್ಮ ಬೆರಳು-ಹಿಮ್ಮಡಿ ಅಳತೆ, ಲೀನ್ ಎರಡನ್ನೂ ಕಳಿಸಿ, ಹೊರಡುವ ಮೊದಲು ಹೋಲಿಸಿಕೊಳ್ಳುತ್ತೇನೆ.