ರಟ್ಟಿನ ಸ್ಟೇಷನ್‌ಗೆ ಮಂಗಳೂರು ಹಂಚು

ಕಳೆದ ಜುಲೈಯ ಒಂದು ಶನಿವಾರ. ಬೆಳಗ್ಗೆಯಿಂದ ಬಿಡದೆ ಮಳೆ. ಮಂಗಳೂರಿನ ಜೆಪ್ಪುವಿನ ನಮ್ಮ ಮನೆಯ ಚಾವಡಿಯಲ್ಲಿ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಸ್ಟೀಲ್ ಸ್ಕೇಲು, ಕಟರ್, ಫೆವಿಕಾಲ್ ಎಲ್ಲ ಇಟ್ಟುಕೊಂಡು ಕೂತಿದ್ದೆ. ನನ್ನ ಮಾಡೆಲ್ ರೈಲಿಗೆ ಆರಡಿ ಉದ್ದದ ಪ್ಲೈವುಡ್ ಹಲಗೆಯ ಮೇಲೆ ಹಳಿ ಹಾಕಿ ಎರಡು ವರ್ಷ ಆಗಿತ್ತು. ರೈಲು ಓಡುತ್ತಿತ್ತು, ಆದರೆ ಅದು ನಿಲ್ಲಲಿಕ್ಕೆ ಒಂದು ಸ್ಟೇಷನ್ ಇರಲಿಲ್ಲ.

ಭಾವ ಇಂಗ್ಲೆಂಡಿನಿಂದ ಬರುವಾಗ ರಟ್ಟಿನ ಸ್ಟೇಷನ್ ಕಿಟ್ ಒಂದನ್ನು ತಂದುಕೊಟ್ಟಿದ್ದರು. ಮೆಟ್‌ಕಾಫ್, ಸೂಪರ್‌ಕ್ವಿಕ್ ಅಂತ ಅಲ್ಲಿನ ಕಂಪನಿಗಳು ಇಂಥವನ್ನು ಮಾಡುತ್ತವೆ. ಗೋಡೆ, ಬಾಗಿಲು, ಚಿಮಣಿ ಎಲ್ಲ ರಟ್ಟಿನ ಮೇಲೆ ಬಣ್ಣದಲ್ಲಿ ಪ್ರಿಂಟ್ ಆಗಿರುತ್ತದೆ. ಬಿಡಿಸಿ, ಮಡಚಿ, ಅಂಟಿಸಬೇಕು. ನನ್ನ ರೈಲು ಎಚ್‌ಒ ಸ್ಕೇಲಿನದು, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಕಿಟ್ ಓಒ ಸ್ಕೇಲು, 76ರಲ್ಲಿ ಒಂದು ಪಾಲು. ಎರಡೂ ಓಡುವುದು 16.5 ಮಿ.ಮೀ. ಹಳಿಯ ಮೇಲೆಯೇ. ಆದರೆ ಏಳು ಅಡಿಯ ಬಾಗಿಲು ಎಚ್‌ಒನಲ್ಲಿ 24.5 ಮಿ.ಮೀ. ಆದರೆ ಓಒನಲ್ಲಿ 28 ಆಗುತ್ತದೆ. ಹಾಗಾಗಿ ಕಟ್ಟಡವನ್ನು ಹಲಗೆಯ ಮುಂದಿನ ಅಂಚಿಗೆ, ನೋಡುವವರ ಹತ್ತಿರಕ್ಕೆ ಇಡಬೇಕು. ಆಗ ಕಣ್ಣಿಗೆ ಹೊಂದಿಕೊಳ್ಳುತ್ತದೆ. ರೈಲಿನ ಹಿಂದೆ ಇಟ್ಟರೆ ರೈಲೇ ಆಟದ ಸಾಮಾನಿನ ಹಾಗೆ ಕಾಣುತ್ತದೆ.

ಗೋಡೆಗಳು ಮಧ್ಯಾಹ್ನದ ಒಳಗೆ ನಿಂತವು. ರಟ್ಟಿನ ಕೆಲಸದಲ್ಲಿ ಎಲ್ಲ ಇರುವುದು ಅಂಚಿನಲ್ಲಿ. ಮುಖದ ಮೇಲೆ ಎಷ್ಟೇ ಚಂದದ ಇಟ್ಟಿಗೆ ಪ್ರಿಂಟ್ ಆಗಿರಲಿ, ಕತ್ತರಿಸಿದ ಕಡೆ ಒಳಗಿನ ಬಿಳಿ ಕಂಡರೆ ಮುಗಿಯಿತು, ಅದು ಕಟ್ಟಡ ಅಲ್ಲ, ಡಬ್ಬಿ. ಅದಕ್ಕೇ ಅಂಟಿಸುವ ಮೊದಲು ಪ್ರತಿಯೊಂದು ಅಂಚಿಗೂ ಕಿಟಕಿಯ ಸಂದಿಗೂ ಬಣ್ಣದ ಪೆನ್ಸಿಲ್ ಎಳೆಯುತ್ತೇನೆ. ಬ್ಲೇಡನ್ನು ಜೋರಾಗಿ ಒಂದೇ ಸಲ ಎಳೆಯಬಾರದು. ಹಗುರವಾಗಿ ನಾಲ್ಕೈದು ಸಲ ಎಳೆದರೆ ರಟ್ಟು ಹರಿಯದೆ ಕತ್ತರಿಸುತ್ತದೆ. ಕಿಟಕಿಯ ಪ್ಲಾಸ್ಟಿಕ್ ಹಾಳೆಗೆ ಫೆವಿಕ್ವಿಕ್ ಹಾಕಲೇಬಾರದು. ಅದರ ಹೊಗೆಗೆ ಗಾಜು ಮಂಜು ಹಿಡಿದ ಹಾಗೆ ಬಿಳಿ ಆಗುತ್ತದೆ.

ನಮ್ಮ ಊರಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಉಂಟು. ಬೆಲ್ಟಿಗೆ, ಪುಸ್ತಕಕ್ಕೆ ಬೂಷ್ಟು ಬರುವ ಗಾಳಿಯಲ್ಲಿ ರಟ್ಟು ಸುಮ್ನೆ ಇರುತ್ತದಾ? ತೇವ ಎಳೆದುಕೊಂಡು ಬಾಗುತ್ತದೆ. ಒಂದು ಕಡೆಗೆ ಮಾತ್ರ ಕಾಗದ ಅಂಟಿಸಿದರೆ ಒಣಗುವಾಗ ಆ ಕಡೆಗೇ ಸೆಟೆದುಕೊಳ್ಳುತ್ತದೆ. ಅದಕ್ಕೆ ಹಿಂದಿನ ಮಗ್ಗುಲಿಗೂ ಕಾಗದ ಅಂಟಿಸಿ, ಮೇಲೆ ಭಾರ ಇಡಬೇಕು. ನಾನು ಇಡುವುದು ಅಮ್ಮನ ಅಕ್ಕಿ ಡಬ್ಬಿ.

ಗೋಡೆ ಆಯಿತು. ಮೇಲೆ ಕೂರಿಸಲಿಕ್ಕೆ ಕಿಟ್‌ನ ಬೂದು ಬಣ್ಣದ ಚಾವಣಿ ಎತ್ತಿಕೊಂಡೆ. ಇಂಗ್ಲೆಂಡಿನ ಕಲ್ಲುಹಾಸಿನ ಚಾವಣಿ ಅದು. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ಜೆಪ್ಪುವಿನಲ್ಲಿ. ನನ್ನ ತಲೆಯ ಮೇಲೆ ಅದೇ ಜಾತಿಯ ಹಂಚು, ಅದರ ಮೇಲೆ ಮಳೆಯ ಸದ್ದು. ಇಲ್ಲಿ ಕೂತು ನನ್ನ ಸ್ಟೇಷನ್‌ಗೆ ಬೇರೆ ಮಾಡು, ಅಂದರೆ ಚಾವಣಿ, ಹಾಕಲು ಮನಸ್ಸು ಬರಲಿಲ್ಲ.

ಲೆಕ್ಕ ಸುಲಭ. ಓಒನಲ್ಲಿ ಒಂದು ಅಡಿ ಅಂದರೆ 4 ಮಿ.ಮೀ. ಮಂಗಳೂರು ಹಂಚಿನ ಒಂದು ಸಾಲು ಹೊರಗೆ ಕಾಣುವುದು ಸುಮಾರು ಒಂದು ಅಡಿ. ಒಂದರ ಮೇಲೊಂದು ಹತ್ತಲಿಕ್ಕೆ ಇನ್ನೆರಡು ಸೇರಿಸಿ, ಡ್ರಾಯಿಂಗ್ ಶೀಟನ್ನು 6 ಮಿ.ಮೀ. ಅಗಲದ ಪಟ್ಟಿ ಮಾಡಿಕೊಂಡೆ. ಇಂಕು ಮುಗಿದ ಬಾಲ್ ಪೆನ್ನಿನಿಂದ 3 ಮಿ.ಮೀ.ಗೊಂದು ಗೀರು ಒತ್ತಿದೆ. ಒತ್ತಿದ ಕಡೆ ತಗ್ಗು, ಪಕ್ಕದಲ್ಲಿ ಉಬ್ಬು, ಹಂಚಿನ ಏಣು ಬಂದೇ ಬಂತು. ಕಿಟ್‌ನ ಚಾವಣಿಯ ಮೇಲೆಯೇ ನೆತ್ತಿಯಿಂದ ಶುರು ಮಾಡಿ ಒಂದರ ಕೆಳಗೆ ಒಂದು ಆರು ಸಾಲು ಅಂಟಿಸಿದೆ. ಖುಷಿಯಾಯಿತು.

ಸಂಜೆ ದೊಡ್ಡಪ್ಪ ಬಂದರು. ಮೂವತ್ತು ವರ್ಷಕ್ಕೂ ಜಾಸ್ತಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕೊಡೆ ಮೂಲೆಗೆ ಇಟ್ಟು, ಚಾ ಲೋಟ ಹಿಡಿದುಕೊಂಡೇ ಮೇಜಿನ ಹತ್ತಿರ ಬಂದರು. ನಾನು ಮಾಡನ್ನು ಅವರ ಅಂಗೈ ಮೇಲೆ ಇಟ್ಟೆ. ಅವರು ಕಣ್ಣಿನಿಂದ ನೋಡಲಿಲ್ಲ. ತೋರುಬೆರಳಿನ ಉಗುರನ್ನು ನೆತ್ತಿಯಿಂದ ಕೆಳಕ್ಕೆ ಮೆಲ್ಲ ಎಳೆದರು. ಟಕ್, ಟಕ್, ಟಕ್ ಅಂತ ಪ್ರತಿ ಸಾಲಿಗೂ ಉಗುರು ತಾಗಿ ನಿಂತಿತು.

“ಉಗುರು ತಾಗ್ತದೆ ನೋಡು,” ಅಂದರು. “ಉಗುರು ನಿಂತಲ್ಲಿ ನೀರೂ ನಿಲ್ತದೆ ಮಾರಾಯ. ಹಂಚು ಹೊದೆಸುವುದು ಕೆಳಗಿನಿಂದ ಮೇಲೆ.”

ಆಗ ಅರ್ಥವಾಯಿತು. ಮೇಲಿನ ಸಾಲು ಕೆಳಗಿನದರ ಮೇಲೆ ಹತ್ತಿ ಕೂರಬೇಕು. ನಾನು ಮೇಲಿನಿಂದ ಇಳಿಯುತ್ತಾ ಬಂದು ಪ್ರತಿ ಸಾಲನ್ನೂ ತಲೆಕೆಳಗು ಮಾಡಿದ್ದೆ. ಎದುರಿನಿಂದ ನೋಡಿದರೆ ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ನಲವತ್ತು ವರ್ಷ ಹಂಚಿನ ಅಡಿಯಲ್ಲಿ ಮಲಗಿದವನು ನಾನು. ಒಂದು ಸಲ ತಲೆಯೆತ್ತಿ ನೋಡಬಹುದಿತ್ತು ಅಲ್ವಾ.

“ಮತ್ತೆ ಈ ಇಳಿಜಾರು ಇಷ್ಟು ಗಿಡ್ಡ ಯಾಕೆ?” ದೊಡ್ಡಪ್ಪನ ಬೆರಳು ಗೋಡೆಯ ಅಂಚಿಗೆ ಬಂದಿತ್ತು. “ಗೋಡೆ ಒಂದೇ ಮಳೆಗಾಲಕ್ಕೆ ಹೋಗ್ತದೆ.”

“ಅದು ಅವರು ಕೊಟ್ಟದ್ದೇ ಹಾಗೆ, ದೊಡ್ಡಪ್ಪ.”

“ಅವರ ಮಳೆಗೆ ಸಾಕು. ನಮ್ಮದಕ್ಕೆ ಎರಡಡಿಯಾದರೂ ಹೊರಗೆ ಬರಬೇಕು.”

ಎರಡು ಅಡಿ, 8 ಮಿ.ಮೀ. ಕಿಟ್‌ನ ಚಾವಣಿಯಿಂದ ಅದು ಆಗುವುದಿಲ್ಲ. ಮಗಳ ಹಳೇ ನೋಟ್‌ಬುಕ್ಕಿನ ರಟ್ಟು ತೆಗೆದು ಹೊಸ ಮಾಡು ಕತ್ತರಿಸಿದೆ. ತೇವಕ್ಕೆ ಅಂಟು ಇನ್ನೂ ಒಣಗಿರಲಿಲ್ಲವಾದ್ದರಿಂದ ಆರು ಪಟ್ಟಿಗಳೂ ಹರಿಯದೆ ಎದ್ದು ಬಂದವು. ಈ ಸಲ ಇಳಿಜಾರಿನ ಅಂಚಿನಿಂದ ಶುರು. ದೊಡ್ಡಪ್ಪ ಪಕ್ಕದಲ್ಲೇ ಕೂತು ಪಟ್ಟಿ ಒಂದೊಂದಾಗಿ ಎತ್ತಿ ಕೊಟ್ಟರು. ನಡುವೆ ಕಾರ್ಖಾನೆಯ ಕತೆ. ಒತ್ತಿದ ಹಸಿ ಹಂಚನ್ನು ನೆರಳಲ್ಲಿ ಒಣಗಿಸುವುದು, ಗೂಡಿನ ಬೆಂಕಿ, ಸುಟ್ಟ ಹಂಚನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುವುದು. ಚೆನ್ನಾಗಿ ಬೆಂದದ್ದು ಗಂಟೆಯ ಹಾಗೆ ಸದ್ದು ಕೊಡುತ್ತದಂತೆ. ನೆತ್ತಿಗೆ ಸಣ್ಣ ಪಟ್ಟಿ ಮಡಚಿ ಕೂರಿಸಿ, ವಾಟರ್ ಕಲರ್ ಹಚ್ಚಿದೆ. ಒಂದೇ ಕೆಂಪು ಅಲ್ಲ. ಅಲ್ಲಲ್ಲಿ ಹೊಸ ಹಂಚಿನ ಕಿತ್ತಳೆ, ಇಳಿಜಾರಿನ ಕಡೆ ಪಾಚಿಯ ಕಪ್ಪು.

ಉಗುರು ಮತ್ತೊಮ್ಮೆ ಇಳಿಯಿತು. ಎಲ್ಲೂ ನಿಲ್ಲಲಿಲ್ಲ.

“ಒಳಗೆ ಕತ್ತಲೆ ಅಲ್ವಾ,” ಅಂದರು ದೊಡ್ಡಪ್ಪ. “ಒಂದು ಗಾಜಿನ ಹಂಚು ಹಾಕು.”

ನಡುಸಾಲಿನಲ್ಲಿ ಒಂದು ಹಂಚಿನಷ್ಟು ಜಾಗ, ರಟ್ಟಿನವರೆಗೂ ತೂತು ಮಾಡಿದೆ. ಕಿಟಕಿಯ ಪ್ಲಾಸ್ಟಿಕ್ಕಿನಲ್ಲಿ ಉಳಿದ ಚೂರನ್ನು ಚಿಮಟದಲ್ಲಿ ಹಿಡಿದು ಮೇಲಿನ ಸಾಲಿನ ಅಡಿಗೆ ತೂರಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮಹಾಕಾಳಿಪಡ್ಪು ಕಡೆಯಿಂದ ರೈಲಿನ ಹಾರ್ನ್ ಕೇಳಿಸಿತು. ಮಗಳು ಮೊಬೈಲಿನ ಟಾರ್ಚ್ ಹಾಕಿ ಸ್ಟೇಷನ್‌ನ ಮೇಲೆ ಹಿಡಿದಳು. ನಾವು ಮೂವರೂ ಬಗ್ಗಿ ಬಾಗಿಲಿನಿಂದ ಒಳಗೆ ನೋಡಿದೆವು. ರಟ್ಟಿನ ನೆಲದ ಮೇಲೆ ಅಕ್ಕಿಕಾಳಿನಷ್ಟು ಬೆಳಕು ಬಿದ್ದಿತ್ತು.