ನೆನೆದ ಕನಸು ಮತ್ತು ನನ್ನ ಎಡಗೈ

ಜೂನ್ 9

ನಲವತ್ತೇಳನೇ ವಯಸ್ಸಿನಲ್ಲಿ ಎಡಗೈಗೆ ಅಕ್ಷರಾಭ್ಯಾಸ ಮಾಡಿಸಲು ಕೂತಿದ್ದೇನೆ. ಅಪ್ಪನ ಭಜನಾ ಮಂಡಳಿಯ ಹಾರ್ಮೋನಿಯಂನಲ್ಲಿ ಕಲಿತವನು ನಾನು. ಬಲಗೈ ಸ್ವರಕ್ಕೆ, ಎಡಗೈ ತಿದಿಗೆ. ಇಷ್ಟು ವರ್ಷ ಗಾಳಿ ಹಾಕುವುದೊಂದನ್ನೇ ಮಾಡಿಕೊಂಡು ಬಂದ ಕೈಗೆ ಈಗ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿ ಅಂದರೆ, ಐದೂ ಬೆರಳು ಒಟ್ಟಿಗೆ ಕೆಳಗಿಳಿಯುತ್ತವೆ, ತಿದಿ ಒತ್ತಿದ ಹಾಗೆ.

ಹಳೆಯ ಕೀಬೋರ್ಡ್ ಒಂದು ಸಿಕ್ಕಿದೆ. 61 ಕೀ, ಸ್ವರವನ್ನು ಎಳೆದು ಹಿಡಿಯುವ ಸಸ್ಟೇನ್ ಪೆಡಲ್ ಬೇರೆ ಕೊಂಡೆ. ಗುರಿ ಇಷ್ಟು: ರಿಚರ್ಡ್ ರೈಟ್ 1978ರಲ್ಲಿ ಹೊರತಂದ ‘ವೆಟ್ ಡ್ರೀಮ್’ ಆಲ್ಬಂನ ಮೂರು ತುಣುಕುಗಳನ್ನು ಕಿವಿಯಿಂದಲೇ ಹಿಡಿದು, ಎರಡೂ ಕೈಯಲ್ಲಿ, ಎಲ್ಲೂ ನಿಲ್ಲಿಸದೆ ನುಡಿಸಬೇಕು. ‘ಮೆಡಿಟರೇನಿಯನ್ ಸಿ’, ‘ಹಾಲಿಡೇ’, ‘ವೇವ್ಸ್’.

ರೈಟ್ ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಕೀಬೋರ್ಡ್ ವಾದಕ. ಆ ಬ್ಯಾಂಡಿನವರ ಹೆಸರು ಹೇಳಿ ಅಂದರೆ ವಾಟರ್ಸ್, ಗಿಲ್ಮೋರ್ ಎಂದು ಎರಡು ಬೆರಳು ಮಡಚಿದ ಮೇಲೆ ಮೂರನೆಯದಕ್ಕೆ ಜನ ತಡವರಿಸುತ್ತಾರೆ. ಆತನ ಆಲ್ಬಂ ಯಾರಿಗೆ ನೆನಪಿರಬೇಕು?

ಆಲ್ಬಂನ ಹೆಸರು ಮನೆಯಲ್ಲಿ ಹೇಳುವಂಥದ್ದಲ್ಲ. ಅಪ್ಪ ಕೇಳಿದರು. ‘ನೆನೆದ ಕನಸು’ ಅಂದೆ. ತೊಯ್ದದ್ದೂ ಆಯಿತು, ನೆನಪು ಮಾಡಿಕೊಂಡದ್ದೂ ಆಯಿತು, ಪೋಲಿತನ ಬಾಗಿಲಾಚೆ ಉಳಿಯಿತು. “ಭಾವಗೀತಿ ಏನು?” ಅಂದರು. ಹೌದು ಅಂದುಬಿಟ್ಟೆ.

ಜೂನ್ 23

ನೇರವಾಗಿ ಆಲ್ಬಂಗೆ ಕೈ ಹಾಕಿದ್ದು ತಪ್ಪಾಯಿತು. ಎರಡು ವಾರ ವ್ಯರ್ಥ. ರೈಟ್‌ನ ಕೈ ಹೇಗೆ ಯೋಚಿಸುತ್ತದೆ ಎಂದು ಮೊದಲು ತಿಳಿಯಲು ‘ಅಸ್ ಅಂಡ್ ದೆಮ್’ ಹಿಡಿದೆ. ಪಿಂಕ್ ಫ್ಲಾಯ್ಡ್‌ನ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂನಲ್ಲಿ ಬಂದ ಹಾಡು. ಮೂಲದಲ್ಲಿ ಇದು ಆಂಟೋನಿಯೋನಿಯ ‘ಝಬ್ರಿಸ್ಕಿ ಪಾಯಿಂಟ್’ ಸಿನಿಮಾಕ್ಕೆಂದು ರೈಟ್ ಪಿಯಾನೋದಲ್ಲಿ ಮಾಡಿದ ರಾಗ, ನಿರ್ದೇಶಕರು ಬೇಡವೆಂದರು.

ಕೂತು ಬಿಡಿಸಿದಾಗ ನನಗೆ ನಗು ಬಂತು. ಪದ್ಯದ ಉದ್ದಕ್ಕೂ ಕೆಳಗಿನ ಸ್ವರ ಕದಲುವುದೇ ಇಲ್ಲ. ಡಿ, ಅಂದರೆ ನಮ್ಮ ಬಿಳಿ ಎರಡು. ತಂಬೂರಿ ಮೀಟಿದ ಹಾಗೆ ಅದೊಂದೇ ಷಡ್ಜ, ಮೇಲೆ ಮಾತ್ರ ಕಾರ್ಡ್ ಬದಲಾಗುತ್ತವೆ. ಮೊದಲನೆಯದರಲ್ಲಿ ಷಡ್ಜ, ಶುದ್ಧ ಗಾಂಧಾರ, ಪಂಚಮದ ನೆಮ್ಮದಿ. ಎರಡನೆಯದರಲ್ಲಿ ಗಾಂಧಾರ ಮಾಯವಾಗಿ ರಿಷಭ, ಧೈವತ ಬರುತ್ತವೆ. ಮೂರನೆಯದು ಡಿ ಮೈನರ್ ಮೇಜರ್ ಸೆವೆನ್ತ್. ಕೋಮಲ ಗಾಂಧಾರ, ಅದರ ಜೊತೆಗೇ ಶುದ್ಧ ನಿಷಾದ. ನುಡಿಸಿದಾಗ ಒಳಮನೆಯಿಂದ ಅಪ್ಪನ ದನಿ: “ಪಟದೀಪ ಹಿಡದಿ ಏನ್ಲೇ?” ಹೌದಲ್ಲ! ಅವೇ ಸ್ವರಗಳು. ಆದರೆ ಪಟದೀಪದಲ್ಲಿ ನಿಷಾದಕ್ಕೆ ಒಂದೊಂದೇ ಹೆಜ್ಜೆ ಹತ್ತಿ ಹೋಗುತ್ತೇವೆ, ಇಲ್ಲಿ ನಾಲ್ಕೂ ಸ್ವರ ಒಮ್ಮೆಲೇ ಮೈಮೇಲೆ ಬೀಳುತ್ತವೆ. ನಾಲ್ಕನೆಯ ಕಾರ್ಡ್‌ನಲ್ಲಿ ಮಧ್ಯಮ, ಧೈವತ, ಮತ್ತೆ ಬಿಡುಗಡೆ.

ರಾಗ ಕೇಳಿ ಬೆಳೆದ ಕಿವಿಗೆ ಒಂದೇ ಸಾಲಿನಲ್ಲಿ ಎರಡು ಗಾಂಧಾರ ಅಂದರೆ ಅಪಚಾರ. ಆದರೂ ಎಡಗೈ ಷಡ್ಜದ ಮೇಲೆ ಕೂತು ಅಲುಗಾಡದಿದ್ದರೆ ಅಪಚಾರ ಅನಿಸುವುದಿಲ್ಲ. ಎಡಗೈಗೆ ಮೊದಲ ಪಾಠ ಸಿಕ್ಕಿತು: ಸುಮ್ಮನಿರು.

ಜುಲೈ 6

ಮಳೆ. ಕರೆಂಟ್ ಇಲ್ಲ. ಮೇಜಿನ ಮೇಲೆ ಬೆರಳಾಡಿಸಿದೆ.

ಜುಲೈ 14

ಆಲ್ಬಂನ ಸಿಡಿ ಬೇಕೆಂದು ಆನ್‌ಲೈನ್‌ನಲ್ಲಿ ಹಳೆಯದೊಂದನ್ನು ತರಿಸಿದ್ದೆ. ಡಬ್ಬಿ ಸರಿಯಾದದ್ದು, ಒಳಗಿದ್ದದ್ದು ಯಾವುದೋ ಕ್ರಿಸ್‌ಮಸ್ ಹಾಡುಗಳ ಡಿಸ್ಕ್. ಮಾರಿದವನ ಉತ್ತರವಿಲ್ಲ. ಹೋಗಲಿ; 2023ರಲ್ಲಿ, ರೈಟ್ ಇದ್ದಿದ್ದರೆ ಎಂಬತ್ತು ತುಂಬುತ್ತಿದ್ದ ವರ್ಷ, ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರ ಇಡೀ ಆಲ್ಬಂ ಅನ್ನು ಹೊಸದಾಗಿ ಮಿಕ್ಸ್ ಮಾಡಿದ್ದಾರೆ. ನನ್ನಂಥವನಿಗೆ ಅದೇ ಅನುಕೂಲ. ಹಳೆಯ ಮಿಕ್ಸ್‌ನಲ್ಲಿ ಗಿಟಾರ್ ಬೆನ್ನಿಗೆ ಅಡಗಿದ್ದ ಪಿಯಾನೋ ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಕಾಣಿಸುತ್ತದೆ.

ಕೇಳುತ್ತ ಹೋದ ಹಾಗೆ ಹಿನ್ನೆಲೆಯನ್ನೂ ಬರೆದಿಡುತ್ತೇನೆ. ಪಿಂಕ್ ಫ್ಲಾಯ್ಡ್‌ನ 1977ರ ಆಲ್ಬಂ ‘ಅನಿಮಲ್ಸ್’ನಲ್ಲಿ ರಚನಕಾರರ ಸಾಲಿನಲ್ಲಿ ರೈಟ್ ಹೆಸರು ಒಂದು ಕಡೆಯೂ ಇಲ್ಲ. ಮರುವರ್ಷದ ಜನವರಿ, ಫೆಬ್ರವರಿಯಲ್ಲಿ ಫ್ರಾನ್ಸಿನ ನೀಸ್ ನಗರದ ಹಿಂದಿನ ಗುಡ್ಡದಲ್ಲಿರುವ ಬೆರ್-ಲೆಜ್-ಆಲ್ಪ್ ಊರಿನ ಸೂಪರ್ ಬೇರ್ ಸ್ಟುಡಿಯೋಗೆ ಹೋಗಿ ಈ ಹತ್ತು ರಚನೆಗಳನ್ನು ಮುದ್ರಿಸಿದ. ಆರಕ್ಕೆ ಮಾತೇ ಇಲ್ಲ, ನಾಲ್ಕಕ್ಕಷ್ಟೇ ಹಾಡು. ಗಿಟಾರ್‌ಗೆ ‘ಅನಿಮಲ್ಸ್’ ಪ್ರವಾಸದಲ್ಲಿ ಜೊತೆಗಿದ್ದ ಸ್ನೋಯಿ ವೈಟ್, ಸ್ಯಾಕ್ಸೋಫೋನ್ ಮತ್ತು ಕೊಳಲಿಗೆ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಮೆಲ್ ಕಾಲಿನ್ಸ್, ಬೇಸ್‌ಗೆ ಲ್ಯಾರಿ ಸ್ಟೀಲ್, ಡ್ರಮ್ಸ್‌ಗೆ ರೆಜ್ ಇಸಿಡೋರ್. ಅದೇ ಸ್ಟುಡಿಯೋದಲ್ಲಿ ಮಾಡಿದ ಗಿಲ್ಮೋರ್‌ನ ಮೊದಲ ಸೋಲೋ ಆಲ್ಬಂ ಅದೇ ವರ್ಷ ಬ್ರಿಟನ್ ಪಟ್ಟಿಯಲ್ಲಿ 17ರವರೆಗೆ, ಅಮೆರಿಕದಲ್ಲಿ 29ರವರೆಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಬಂದ ರೈಟ್‌ನದು ಯಾವ ಪಟ್ಟಿಗೂ ತಾಕಲಿಲ್ಲ.

ಆತನೇ ಮುಂದೆ ಇದನ್ನು ಸ್ವಲ್ಪ ಹವ್ಯಾಸಿ ಕೆಲಸ ಎಂದ, ಸಾಹಿತ್ಯ ಗಟ್ಟಿಯಿಲ್ಲ ಎಂದೂ ಒಪ್ಪಿಕೊಂಡ. ಸಾಹಿತ್ಯದ ಮಾತು ನಿಜ. ಉಳಿದದ್ದಕ್ಕೆ ನನ್ನ ತಕರಾರಿದೆ.

ಆಗಸ್ಟ್ 4

‘ಮೆಡಿಟರೇನಿಯನ್ ಸಿ’. ಆಲ್ಬಂ ತೆರೆಯುವುದೇ ಇದರಿಂದ. ಹೆಸರಿನಲ್ಲಿ ಸಮುದ್ರವೂ ಇದೆ, ಸಿ ಎಂಬ ಸ್ವರವೂ ಇದೆ. ನಾಲ್ಕು ನಿಮಿಷವೂ ಇಲ್ಲದ ತುಣುಕು.

ನನ್ನ ದಾರಿ ಹೀಗೆ: ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಎಂಟೆಂಟು ಸೆಕೆಂಡಿನ ಚೂರು ಮಾಡಿ, ಶ್ರುತಿ ಬದಲಾಗದಂತೆ ವೇಗವನ್ನು 70 ಪ್ರತಿಶತಕ್ಕೆ ಇಳಿಸಿ, ಹೆಡ್‌ಫೋನ್ ಹಾಕಿಕೊಂಡು ಸುತ್ತು ಹೊಡೆಸುವುದು. ಮೊದಲು ಕೆಳಗಿನ ಸ್ವರ, ಆಮೇಲೆ ಎಲ್ಲಕ್ಕಿಂತ ಮೇಲಿನದು. ನಡುವಿನದು ಊಹೆ. ಮಂದ್ರ ಕೇಳಿಸದಾಗ ಫಿಲ್ಟರ್ ಹಾಕಿ ಮೇಲಿನದನ್ನೆಲ್ಲ ಕತ್ತರಿಸುತ್ತೇನೆ. ಆಗ ಬೇಸ್ ಗಿಟಾರ್ ಮತ್ತು ಪಿಯಾನೋದ ಎಡಗೈ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಯಾವುದು ಯಾರದ್ದು ಎಂದು ಬಿಡಿಸುವುದರಲ್ಲೇ ಒಂದು ಸಂಜೆ ಹೋಯಿತು.

ಶುರುವಿನ ಪಿಯಾನೋ ಸುಲಭ. ಕಷ್ಟ ಶುರುವಾಗುವುದು ಸ್ಯಾಕ್ಸ್, ಗಿಟಾರ್ ಬಂದ ಮೇಲೆ. ತನ್ನ ಆಲ್ಬಂ, ತನ್ನ ಹೆಸರು, ಮೊದಲ ತುಣುಕು. ಕೀಬೋರ್ಡ್ ಮಾಂತ್ರಿಕ ಅನಿಸಿಕೊಂಡ ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಹತ್ತು ಬೆರಳಿನ ಪಟಾಕಿ ಹಚ್ಚುತ್ತಿದ್ದರು. ಈ ಪುಣ್ಯಾತ್ಮ ಮೂಲೆಗೆ ಸರಿದು, ಬಂದ ಅತಿಥಿಗಳಿಗೆ ಜಮಖಾನ ಹಾಸುತ್ತಾನೆ. ಅದಕ್ಕೇ ಈ ಆಲ್ಬಂ ಕೇಳುಗರ ಕೈತಪ್ಪಿತು ಎಂದು ನನ್ನ ಅನುಮಾನ. ಕೀಬೋರ್ಡ್ ಎಲ್ಲಿ ಎಂದು ಹುಡುಕಿದವರಿಗೆ ಗಿಟಾರ್ ಸಿಕ್ಕಿರುತ್ತದೆ.

ಹನ್ನೆರಡನೇ ವಯಸ್ಸಿನಲ್ಲಿ ಕಾಲು ಮುರಿದು ಮಲಗಿದ್ದಾಗ ಗಿಟಾರ್, ಪಿಯಾನೋ, ಟ್ರಂಪೆಟ್ ಅನ್ನು ತಾನೇ ಕಲಿತವನು ಈತ. ಜಾಝ್ ಹುಚ್ಚು. ಪಿಂಕ್ ಫ್ಲಾಯ್ಡ್‌ನ ‘ಬ್ರೀದ್’ ಹಾಡಿನಲ್ಲಿ ಮೊದಲ ಕಾರ್ಡಿಗೆ ಮರಳುವ ಮುನ್ನ ಬರುವ ಒಂದು ವಕ್ರ ಕಾರ್ಡ್ ಜಾಝ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಆಲ್ಬಂನಿಂದ ಎತ್ತಿದ್ದು ಎಂದು ತಾನೇ ಹೇಳಿದ್ದಾನೆ. ಅದರಲ್ಲೂ ಎರಡು ಗಾಂಧಾರ ಒಟ್ಟಿಗೆ ಇವೆ! ಇದು ಚಟ.

ಆಗಸ್ಟ್ 25

ಮೊದಲ ಒಂದೂವರೆ ನಿಮಿಷ ಕೈಗೆ ಬಂದಿದೆ. ಪೆಡಲ್ ಬಿಡುವುದು ತಡವಾಗಿ ಎಲ್ಲ ಕಲಸುಮೇಲೋಗರ. ಹಾರ್ಮೋನಿಯಂನಲ್ಲಿ ಬೆರಳೆತ್ತಿದರೆ ಸ್ವರ ಮುಗಿಯಿತು. ಇಲ್ಲಿ ಕಾಲು ಎತ್ತಬೇಕು. ಕಾಲಿಗೂ ಬೇರೆ ಪಾಠ ಆಗಬೇಕೇನೋ.

ಸೆಪ್ಟೆಂಬರ್ 15

ರೈಟ್ ತೀರಿಕೊಂಡ ದಿನ, 2008ರಲ್ಲಿ. ಇವತ್ತು ‘ಹಾಲಿಡೇ’ ಇಟ್ಟುಕೊಂಡೆ. ಎರಡನೇ ಬದಿಯ ಮೊದಲ ಹಾಡು, ಆಲ್ಬಂನಲ್ಲೇ ಉದ್ದನೆಯದು. ದೋಣಿ, ಕಡಲು, ರಜೆ. ‘ಮೆಡಿಟರೇನಿಯನ್ ಸಿ’, ‘ಕ್ಯಾಟ್ ಕ್ರೂಸ್’, ‘ವೇವ್ಸ್’, ‘ಹಾಲಿಡೇ’ ಎಂದು ಹೆಸರು ಓದಿದರೂ ಸಾಕು, ಈತನ ಮನಸ್ಸು ಸ್ಟುಡಿಯೋದಲ್ಲಿ ಇರಲಿಲ್ಲ ಎಂದು ಗೊತ್ತಾಗುತ್ತದೆ. ಹಾಯಿದೋಣಿ ನಡೆಸುವ ಆಸೆ, ಗ್ರೀಸಿನ ರೋಡ್ಸ್ ದ್ವೀಪದ ಲಿಂಡೋಸ್‌ನಲ್ಲಿ ಮನೆ.

ಅದೇ ರಜೆ ಮುಳುವಾಯಿತು. 1979ರಲ್ಲಿ ಬ್ಯಾಂಡಿನ ‘ದ ವಾಲ್’ ಆಲ್ಬಂ ಕೆಲಸ ನಡೆದಿತ್ತು, ಅದರಲ್ಲೂ ಕೆಲವು ಭಾಗ ಇದೇ ಸೂಪರ್ ಬೇರ್‌ನಲ್ಲಿ. ಗಡುವು ಅಂದುಕೊಂಡದ್ದಕ್ಕಿಂತ ಬೇಗ ಬಂತು, ಗ್ರೀಸಿನಲ್ಲಿ ಮಕ್ಕಳ ಜೊತೆ ರಜೆಯಲ್ಲಿದ್ದ ರೈಟ್‌ಗೆ ಬೇಗ ಬಾ ಎಂಬ ಕರೆ ಹೋಯಿತು. ಬರಲಾರೆ ಎಂದ. ವಾಟರ್ಸ್ ಹಟ ಹಿಡಿದು, ಕೊನೆಗೆ ರೈಟ್ ಬ್ಯಾಂಡ್ ಬಿಡಬೇಕಾಯಿತು. ಹೀಗಿದ್ದೂ ‘ದ ವಾಲ್’ ರಂಗಪ್ರದರ್ಶನಗಳಿಗೆ ಸಂಬಳದ ಆಳಾಗಿ ನುಡಿಸಿದ. ಆ ದುಬಾರಿ ಪ್ರದರ್ಶನಗಳ ನಷ್ಟ ಹೊತ್ತವರು ಉಳಿದ ಮೂವರು; ಕಾಸು ಉಳಿದದ್ದು ಸಂಬಳದವನಿಗೊಬ್ಬನಿಗೇ. ಊರಗೌಡರೆಲ್ಲ ಸೇರಿ ನಾಟಕ ಕಂಪನಿ ಕಟ್ಟಿ ದಿವಾಳಿಯಾಗಿ, ಪೆಟ್ಟಿಗೆ ಮಾಸ್ತರ ಮಾತ್ರ ಪಗಾರ ಎಣಿಸಿಕೊಂಡು ಮನೆಗೆ ಹೋದ ಹಾಗೆ.

ಇದೆಲ್ಲ ಗೊತ್ತಿಟ್ಟುಕೊಂಡು 1978ರ ‘ಹಾಲಿಡೇ’ ಕೇಳಿದರೆ ಗಂಟಲು ಸ್ವಲ್ಪ ಕಟ್ಟುತ್ತದೆ. ರೈಟ್‌ನ ದನಿ ದೊಡ್ಡದಲ್ಲ, ಪಕ್ಕದ ಕೋಣೆಯವರನ್ನು ಎಬ್ಬಿಸಬಾರದು ಎನ್ನುವಂತೆ ಹಾಡುತ್ತಾನೆ. ನುಡಿಸಿದೆ. ಎರಡು ಕಡೆ ಎಡಗೈ ಬಲಗೈಗಿಂತ ಮುಂದೆ ಓಡಿತು. ಈ ಹಾಡನ್ನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ಅಕ್ಟೋಬರ್ 13

ಮದುವೆ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ಬಾರಿಸುವ ಗೆಳೆಯ ಬಂದಿದ್ದ. ಸ್ಯಾಕ್ಸ್ ಭಾಗವನ್ನು ನೀನು ನುಡಿಸು ಅಂದೆ. ಎರಡು ಸಲ ಕೇಳಿದ, ಮೂರನೇ ಸಲಕ್ಕೆ ಅವನ ಪಾಲು ತಯಾರು. ನನಗೆ ಹತ್ತು ವಾರ ಬೇಕಾಗಿತ್ತು, ಇರಲಿ.

‘ಮೆಡಿಟರೇನಿಯನ್ ಸಿ’ ಪೂರ್ತಿ ನುಡಿಸಿದೆವು. ಕ್ಲಾರಿನೆಟ್ ಮನೆ ತುಂಬಿತು, ನಾನು ನುಡಿಸಿದ್ದು ನನಗೇ ಕೇಳಿಸಲಿಲ್ಲ. “ನಿಂದೇನೂ ಕೇಳವಲ್ದಲ್ಲೋ” ಅಂದ ಅವನೂ. ಎರಡನೇ ಸಲ ನಡುವೆ ಪೆಡಲ್‌ನ ವೈರ್ ಕಿತ್ತು ನಾನು ಕೈ ಎತ್ತಿದೆ. ಅವನು ಮರುಕ್ಷಣವೇ ಊದುವುದು ನಿಲ್ಲಿಸಿದ.

“ಯಾಕ ನಿಂದ್ರಿಸಿದಿ? ಕಾಲಾಗಿನ ನೆಲಾ ತಗದಂಗ ಆತು ನೋಡು” ಅಂದ.

ವೈರ್ ಬೆಸುಗೆ ಹಾಕಿಸಬೇಕು. ಮೊದಲ ತುಣುಕು ಮುಗಿಯಿತು, ಎರಡನೆಯದು ಮುಕ್ಕಾಲು. ‘ವೇವ್ಸ್’ ಇನ್ನೂ ಮುಟ್ಟಿಲ್ಲ. ಚೂರುಗಳನ್ನು ಮಾತ್ರ ಕತ್ತರಿಸಿ ಇಟ್ಟಿದ್ದೇನೆ. ಮುಂದಿನ ರವಿವಾರ ಅವನಿಗೆ ಬ್ಯಾಂಡ್ ಇಲ್ಲ. ಅಪ್ಪನೂ ಕೂತು ಕೇಳುತ್ತಾರಂತೆ, ಆ ಪಟದೀಪದ್ದು ಒಮ್ಮೆ ಬಾರಿಸಿದರೆ.