ಮುತ್ತಜ್ಜ ಓಡಿಸಿದ ಆಂಬುಲೆನ್ಸ್

ಗದಗ ಹತ್ತಿರದ ನಮ್ಮ ಹಳ್ಳಿಯಿಂದ ಎರಡನೇ ಮಹಾಯುದ್ಧಕ್ಕೆ ಹೋದ ನಮ್ಮ ಮುತ್ತಜ್ಜ ಬಂದೂಕು ಹಿಡಿದವರಲ್ಲ, ಆಂಬುಲೆನ್ಸ್ ಓಡಿಸಿದವರು. ಅಂಥವರ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ, ಅಲ್ವಾ? ಅದಕ್ಕೇ ಅಜ್ಜ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1944ರಲ್ಲಿ ಅವರಿದ್ದದ್ದು ಈಗಿನ ನಾಗಾಲ್ಯಾಂಡಿನ ದಿಮಾಪುರ–ಕೊಹಿಮಾ ರಸ್ತೆಯಲ್ಲಿ. ಸುಮಾರು 74 ಕಿ.ಮೀ. ಘಾಟಿ. ಎರೆ ಹೊಲದ ಬಯಲಲ್ಲಿ ಬೆಳೆದವರಿಗೆ ಆ ತಿರುವುಗಳು, ಮಳೆ ಶುರುವಾದರೆ ಕೆಸರು, ಗುಡ್ಡ ಕುಸಿತ. ಏಪ್ರಿಲ್ ಮೊದಲ ವಾರ ಜಪಾನಿ ಸೇನೆ ಕೊಹಿಮಾವನ್ನು ಸುತ್ತುವರಿಯಿತು. 18ರಂದು ಬ್ರಿಟಿಷ್ ಭಾರತದ ಸೇನೆಯ ಪಂಜಾಬ್ ರೆಜಿಮೆಂಟಿನವರು ಒಳಗೆ ತಲುಪಿದ ಮೇಲೆ ಗುಂಡು ಹಾರುತ್ತಿದ್ದಾಗಲೇ ಗಾಯಾಳುಗಳನ್ನು ಹೊರಗೆ ಸಾಗಿಸಿದರು. ಕದನ ಮುಗಿದದ್ದು ಜೂನ್ 22ಕ್ಕೆ.

ಮುತ್ತಜ್ಜ ಯುದ್ಧದ ಮಾತೇ ಆಡುತ್ತಿರಲಿಲ್ಲವಂತೆ. ಒಂದನ್ನು ಮಾತ್ರ ಹೇಳುತ್ತಿದ್ದರು: "ಜೋರ್ ಓಡ್ಸಿದ್ರ ಹಿಂದ ಮಲಗಿದವ ಒದರತಾನ, ಸಾವಕಾಶ ಹೋದ್ರ ರಕ್ತ ಹರದ್ ಹೋಗತದ." ಪ್ರತಿ ತಿರುವಿನಲ್ಲೂ ಇದನ್ನು ಒಬ್ಬರೇ ನಿರ್ಧರಿಸಬೇಕಿತ್ತು. ನನಗೆ ಇದು ಯಾವ ಶೌರ್ಯಕ್ಕೂ ಕಡಿಮೆ ಅನಿಸುವುದಿಲ್ಲ.

ಊರಿಗೆ ಬಂದ ಮೇಲೆ ಹತ್ತಿ ಗಾಡಿ ಹೊಡೆದರು. ಯಾರಿಗಾದರೂ ಹೆರಿಗೆ ನೋವು ಬಂದರೆ ನಡುರಾತ್ರಿ ಎತ್ತು ಕಟ್ಟಿ ಗದಗಕ್ಕೆ ಹೊರಡುತ್ತಿದ್ದರು. ಅವರ ಸೇನೆಯ ಕಾಗದ ಅತ್ತೆಯ ಮನೆಯ ಟ್ರಂಕಿನಲ್ಲಿ ಇರಬಹುದಂತೆ, ಮುಂದಿನ ವಾರ ಹೋಗಿ ನೋಡುತ್ತೇನೆ.